ಮುಳ್ಳಿನಡಿಯ ಫ್ರೊಡಿಲಮ್ಮ

ಪ್ರತಿ ವರ್ಷ ಸಂತ ಫ್ರೊಡಿಲಮ್ಮನ ಹಬ್ಬದ ದಿನ ಮಠದವರು ಅವಳ ಚರಿತ್ರೆ ಓದುತ್ತಾರೆ. ಮೊದಲು ಲ್ಯಾಟಿನ್ನಿನಲ್ಲಿ, ಆಮೇಲೆ ನಮ್ಮಂಥ ದಡ್ಡರಿಗೂ ತಿಳಿಯಲಿ ಎಂದು ನಮ್ಮ ಮಾತಿನಲ್ಲಿ. ಅವಳು ಜನರನ್ನು ನದಿ ದಾಟಿಸುವ ಅಂಬಿಗಿತ್ತಿಯಾಗಿದ್ದದ್ದು, ಬಲಗೈ ಮುರಿದ ಮೇಲೂ ಎಡಗೈಯಲ್ಲಿ ಹುಟ್ಟು ಹಾಕಿದ್ದು, ಎಲ್ಲ ಬರುತ್ತದೆ. ಕೊನೆಯಲ್ಲಿ ಪವಾಡಗಳು. ಅದರಲ್ಲೊಂದು ಹೀಗಿದೆ: ಮಠದ ಹುಲ್ಲುಗಾವಲನ್ನು ಕಿತ್ತುಕೊಂಡ ಧಣಿಯ ಮೇಲೆ ಅಮ್ಮ ಕೋಪಗೊಂಡಳು, ಹುಲ್ಲು ಸಾಗಿಸಿದ ದುಷ್ಟ ಗಾಡಿಯವನ ಮನೆಗೆ ಬೆಂಕಿಯಂಥ ಜ್ವರ ಕಳಿಸಿದಳು, ಅದನ್ನು ಕಂಡು ಧಣಿ ನಡುಗಿ ಬರಿಗಾಲಲ್ಲಿ ಓಡಿಬಂದ. ಜನ ಆಮೆನ್ ಅನ್ನುತ್ತಾರೆ.

ನಾನು ಅನ್ನುವುದಿಲ್ಲ. ಆ ದುಷ್ಟ ಗಾಡಿಯವ ನನ್ನ ಗಂಡ ಗಾಸ್ಬರ್ಟ್. ಬೆಕ್ಕು ಅಡ್ಡ ಮಲಗಿದ್ದರೆ ಅದು ಎದ್ದು ಹೋಗುವವರೆಗೂ ಗಾಡಿ ನಿಲ್ಲಿಸಿಕೊಂಡು ಕಾಯುವ ಪ್ರಾಣಿ ಅದು. ಜ್ವರ ಬಂದದ್ದು ನನ್ನ ಮಗಳು ಓಸಾನಳಿಗೆ. ಫ್ರೊಡಿಲಮ್ಮನ ಮೇಲೆ ಈ ಸುಳ್ಳು ಹೊರಿಸಿದವರನ್ನು ನಾನು ಸಾಯುವವರೆಗೂ ಕ್ಷಮಿಸುವುದಿಲ್ಲ. ಪಾಪನಿವೇದನೆಗೆ ಹೋದಾಗಲೂ ಇದನ್ನೇ ಹೇಳುತ್ತೇನೆ. ಪಾದ್ರಿ ತಲೆ ಚಚ್ಚಿಕೊಳ್ಳುತ್ತಾರೆ. ಚಚ್ಚಿಕೊಳ್ಳಲಿ.

ನನ್ನ ಹೆಸರು ಎರ್ಸೆಂದ. ಊರಿನ ದೊಡ್ಡ ಒಲೆ ಧಣಿಯದು, ಅದಕ್ಕೆ ಬೆಂಕಿ ಹಾಕುವವಳು ನಾನು. ಊರವರೆಲ್ಲ ಮನೆಯಲ್ಲಿ ಹಿಟ್ಟು ನಾದಿ ತರುತ್ತಾರೆ, ನಾನು ರೊಟ್ಟಿ ಸುಟ್ಟು ಕೊಡುತ್ತೇನೆ. ರೊಟ್ಟಿ ಬೇಯುವಷ್ಟು ಹೊತ್ತು ಹೆಂಗಸರು ಅಲ್ಲೇ ಕೂತು ಊರಿನ ಸುದ್ದಿಯನ್ನೆಲ್ಲ ಬೇಯಿಸುತ್ತಾರೆ.

ಹುಲ್ಲಿನ ಕಥೆ ಇಷ್ಟೇ. ನದಿಯ ಪಕ್ಕದ ಹುಲ್ಲುಗಾವಲನ್ನು ಧಣಿ ಅರ್ಶಾಂಬೋ ಅವರ ಅಪ್ಪ ಸಾಯುವ ಕಾಲಕ್ಕೆ ಫ್ರೊಡಿಲಮ್ಮನ ಹೆಸರಿಗೆ ಕೊಟ್ಟರು ಎಂದು ಮಠದವರು ಹೇಳುತ್ತಾರೆ. ಸಾಯುವ ಕಾಲಕ್ಕೆ ಅಪ್ಪನ ತಲೆ ನೆಟ್ಟಗಿರಲಿಲ್ಲ ಎಂದು ಧಣಿ ಹೇಳುತ್ತಾರೆ. ಆ ಬೇಸಿಗೆಯಲ್ಲಿ ಸನ್ಯಾಸಿಗಳು ಹುಲ್ಲು ಕೊಯ್ದು, ಒಣಗಿಸಿ, ಮೆದೆ ಹಾಕಿದ್ದೇ ತಡ, ಧಣಿ ಗಾಸ್ಬರ್ಟನನ್ನು ಕರೆದು ಗಾಡಿ ಕಟ್ಟು ಅಂದರು. ಗಾಡಿ ಧಣಿಯದು, ಎತ್ತು ಧಣಿಯದು, ನಾವು ಮಲಗುವ ಗುಡಿಸಲೂ ಧಣಿಯದು. ಅವನು ಕಟ್ಟಿದ. ಸಂಜೆಯೊಳಗೆ ಅಮ್ಮನ ಹುಲ್ಲೆಲ್ಲ ಧಣಿಯ ಕೊಟ್ಟಿಗೆ ಸೇರಿತು.

ಮುಂದಿನ ಭಾನುವಾರ ಪೂಜೆಯ ಮಧ್ಯದಲ್ಲಿ, ಪ್ರಭುವಿನ ಪ್ರಾರ್ಥನೆ ಮುಗಿದ ಕೂಡಲೇ, ಸನ್ಯಾಸಿಗಳು ಬಲಿಪೀಠದ ಮುಂದೆ ಒರಟು ಗೋಣಿ ಹಾಸಿದರು. ನಮಗೆ ಗೊತ್ತಾಯಿತು. ಅಜ್ಜಿಯರ ಬಾಯಲ್ಲಿ ಕೇಳಿದ್ದೆವು, ಕಣ್ಣಲ್ಲಿ ಕಂಡಿರಲಿಲ್ಲ. ಅಮ್ಮನ ಆಸ್ತಿಯನ್ನು ಯಾರೋ ಕಿತ್ತುಕೊಂಡರೂ ಅಮ್ಮ ಸುಮ್ಮನೆ ಕೂತಿದ್ದರೆ, ಅಮ್ಮನಿಗೇ ಶಿಕ್ಷೆ. ಅವಳ ಅಸ್ಥಿಪೆಟ್ಟಿಗೆಯನ್ನು ಪೀಠದಿಂದ ಇಳಿಸಿ ಗೋಣಿಯ ಮೇಲೆ ಇಟ್ಟರು. ಅದರ ಮೇಲೆ ಮುಳ್ಳುಗಂಟಿ ಹೇರಿದರು. ಆಮೇಲೆ ಅವರೆಲ್ಲ ಮುಖ ಕೆಳಗೆ ಮಾಡಿ ನೆಲದ ಮೇಲೆ ಉದ್ದಕ್ಕೆ ಮಲಗಿದರು. ಮಠದ ಹಿರಿಯರಾದ ಫುಲ್ಕೊ ಸ್ವಾಮಿ ಮಲಗಿದಲ್ಲಿಂದಲೇ ಕೂಗಿದರು: "ಏಳು ಫ್ರೊಡಿಲಾ, ಯಾಕೆ ಸುಮ್ಮನಿದ್ದೀಯೆ? ಮಾಡಿಸಿದವರ ಮೇಲೆ, ಮಾಡಿದವರ ಮೇಲೆ, ಕೈ ಹಚ್ಚಿದವರ ಮೇಲೆ ನಿನ್ನ ಕೈ ಬೀಳಲಿ!"

ಕೈ ಹಚ್ಚಿದವನು ನನ್ನ ಪಕ್ಕದಲ್ಲೇ ನಿಂತಿದ್ದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

ಅಂದಿನಿಂದ ಮಠದ ದೊಡ್ಡ ಬಾಗಿಲು ಮುಚ್ಚಿತು, ಅದಕ್ಕೂ ಮುಳ್ಳು ಒಟ್ಟಿದರು. ಗಂಟೆಗಳು ನಿಂತವು. ಊರವರು ಯಾರೂ ಒಳಗೆ ಬರುವ ಹಾಗಿಲ್ಲ. ದೂರದೂರಿಂದ ಬರುವ ಯಾತ್ರಿಕರಿಗೆ ಮಾತ್ರ ಪಕ್ಕದ ಸಣ್ಣ ಬಾಗಿಲು; ಅವರು ಪರಸ್ಥಳದವರು, ಅವರಿಗೂ ಈ ಜಗಳಕ್ಕೂ ಸಂಬಂಧವಿಲ್ಲ. ಧಣಿ ಹುಲ್ಲುಗಾವಲು ಬಿಟ್ಟುಕೊಡುವವರೆಗೆ ಫ್ರೊಡಿಲಮ್ಮ ನೆಲದ ಮೇಲೆ, ನಾವು ಬೀದಿಯಲ್ಲಿ.

ಓಸಾನ ಮಲಗಿದ್ದು ಆ ವಾರವೇ. ಮುಂದಿನ ಹಲ್ಲು ಬಿದ್ದು ಇನ್ನೂ ಹೊಸದು ಬಂದಿರಲಿಲ್ಲ ಅವಳಿಗೆ. ಒಲೆಯ ಹತ್ತಿರ ಕೂತು ಹಿಟ್ಟಿನ ಉಂಡೆಗಳಿಗೆಲ್ಲ ಹೆಸರಿಡುತ್ತಿದ್ದಳು, ಒಳಗೆ ಹಾಕುವಾಗ "ಹೋಗಿಬಾ" ಅನ್ನುತ್ತಿದ್ದಳು. ಆ ದಿನ ಹಿಟ್ಟಿನ ಮೇಲೇ ತಲೆಯಿಟ್ಟು ಮಲಗಿದಳು. ಎತ್ತಿಕೊಂಡರೆ ಒಲೆಯ ಕಲ್ಲು ಮುಟ್ಟಿದ ಹಾಗಿತ್ತು ಮೈ. ಕುಡಿಸಿದ್ದೆಲ್ಲ ವಾಂತಿಯಾಯಿತು. ಎಲೆಕೋಸಿನ ಎಲೆ ಹಣೆಗೆ ಕಟ್ಟಿದೆ, ಗಳಿಗೆಯಲ್ಲಿ ಬಾಡಿತು.

ನಮ್ಮ ಊರಲ್ಲಿ ಜ್ವರಕ್ಕೆ ಮದ್ದು ಒಂದೇ. ಅಮ್ಮನ ತೋಳಿನ ಮೂಳೆಯನ್ನು ಬೋಗುಣಿಯ ನೀರಲ್ಲಿ ಅದ್ದಿ ಕೊಡುವ ತೀರ್ಥ. ಓಸಾನ ಮೊಲೆ ಕುಡಿಯುವ ಕೂಸಾಗಿದ್ದಾಗ ಒಮ್ಮೆ ಹೀಗೇ ಆಗಿತ್ತು. ತೀರ್ಥ ಕುಡಿಸಿದೆ, ಬೆವರಿ ತಣ್ಣಗಾಗಿ ನಿದ್ದೆ ಹೋದಳು. ಯಾರಾದರೂ ನನ್ನ ಮುಂದೆ ಆ ತೀರ್ಥವನ್ನು ಬರೀ ನೀರು ಅಂದರೆ ಮೂತಿಗೆ ಹಾಕುತ್ತೇನೆ. ನನ್ನ ಮಗಳು ಬದುಕಬೇಕಾದರೆ ಅದು ಬೇಕಿತ್ತು. ಅದು ಇದ್ದದ್ದು ಮುಳ್ಳಿನ ಕೆಳಗೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿ.

ಪಕ್ಕದ ಮನೆಯ ರಿಶಿಲ್ದ ಹಿಟ್ಟು ತಂದವಳು ಓಸಾನಳನ್ನು ನೋಡಿ ಹಾಗೇ ತಿರುಗಿ ಹೊರಟಳು.

"ಯಾಕೆ, ಒಲೆಗೇನಾಗಿದೆ?" ಅಂದೆ.

"ಒಲೆಗೇನೂ ಆಗಿಲ್ಲ ಕಣೇ. ನಿನ್ನ ಕೈಗೆ ಆಗಿದೆ. ಅಮ್ಮನ ಹುಲ್ಲು ಹೊತ್ತೋನ ಹೆಂಡತಿ ಕೈಯಲ್ಲಿ ಸುಟ್ಟಿದ್ದು ತಿಂದ್ರೆ ನಮ್ಮನೆಗೂ ತಗುಲತ್ತೆ."

"ತಗುಲಲಿ! ನಿನ್ನ ನಾಲಿಗೆಗೇ ಮೊದಲು ತಗುಲಲಿ!"

ಹೀಗೆ ಅಂದೆ. ಅವಳೂ ಸುಮ್ಮನಿರಲಿಲ್ಲ, ಏನೇನೋ ಅಂದಳು. ಆದರೆ ಅವಳ ಎಳೆಗೂಸಿಗೂ ಮಾರನೇ ದಿನವೇ ಜ್ವರ ಬಂತು, ಆಚೆ ಬೀದಿಯ ಮಕ್ಕಳಿಗೂ ಬಂತು. ಆಗ ರಿಶಿಲ್ದ ಹೇಳಿದ್ದೇನು ಗೊತ್ತೇ? ಅಮ್ಮ ನಮ್ಮ ಮನೆಗೆ ಹೊಡೆದ ಏಟು ಅವರ ಮನೆಗೂ ಸಿಡಿಯಿತಂತೆ.

ನಾನು ಮಠಕ್ಕೆ ಓಡಿದೆ. ಪಕ್ಕದ ಬಾಗಿಲು ಕಾಯುವವರು ತೆಸೆಲಿನ್ ಸ್ವಾಮಿ. ದಪ್ಪ ಮನುಷ್ಯ, ಒಳ್ಳೆಯವರು. ತಳ ಹಿಡಿದ ರೊಟ್ಟಿಯೆಂದರೆ ಪ್ರಾಣ. ಅವರಿಗೆಂದೇ ನಾನು ಒಂದೆರಡು ತಳ ಹಿಡಿಸುತ್ತಿದ್ದೆ.

"ಸ್ವಾಮಿ, ಒಂದೇ ಒಂದು ಬಟ್ಟಲು ತೀರ್ಥ ಕೊಡಿ. ಮಗು ಕಾದ ಕಲ್ಲಾಗಿದೆ."

"ಹೇಗೆ ಕೊಡ್ಲಿ ತಾಯಿ? ಅಮ್ಮನ್ನ ಇಳಿಸಿದೀವಲ್ಲ. ಇಳಿಸಿರೋವಾಗ ಪೆಟ್ಟಿಗೆ ತೆಗೆಯೋ ಹಾಗಿಲ್ಲ. ತೀರ್ಥ ಇಲ್ಲ, ಹರಕೆ ಇಲ್ಲ, ಒಂದು ಮೇಣದ ಬತ್ತಿ ಹಚ್ಚೋ ಹಾಗೂ ಇಲ್ಲ."

"ಜಗಳ ನಿಮಗೂ ಧಣಿಗೂ. ನನ್ನ ಮಗು ಏನ್ ಮಾಡ್ತು?"

ಅವರು ಕುತ್ತಿಗೆ ಒರೆಸಿಕೊಂಡರು. ನನ್ನ ಕೂಗಾಟಕ್ಕೆ ಫುಲ್ಕೊ ಸ್ವಾಮಿ ಹೊರಗೆ ಬಂದರು. ಯಾರ ಮಗು ಎಂದು ಕೇಳಿದರು. ಗಾಡಿ ಹೊಡೆಯುವ ಗಾಸ್ಬರ್ಟನದು ಎಂದು ತೆಸೆಲಿನ್ ಹೇಳಿದರು. ಆಗ ಫುಲ್ಕೊ ಸ್ವಾಮಿಯ ಮುಖದಲ್ಲಿ ಮರುಕ ಬಂತು, ಇಲ್ಲವೆನ್ನುವುದಿಲ್ಲ. ಆದರೆ ಮರುಕಕ್ಕಿಂತ ಮೊದಲು ಇನ್ನೊಂದು ಬಂತು. ಸಂತೆಯಲ್ಲಿ ಕರು ಒಳ್ಳೆ ಬೆಲೆಗೆ ಹೋದಾಗ ಗಂಡಸರ ಮುಖದಲ್ಲಿ ಬರುತ್ತದಲ್ಲ, ಅದು.

"ಶುರುವಾಯ್ತು," ಅಂದರು. "ಅಮ್ಮ ಎದ್ದಳು."

ನಾನು ಬಿಡಲಿಲ್ಲ. "ಏನಂದ್ರಿ ಸ್ವಾಮಿ? ಫ್ರೊಡಿಲಮ್ಮ ನನ್ನ ಮಗೂನ ಹೊಡೆದಳು ಅಂತೀರಾ? ನೀವೇ ಓದಿ ಹೇಳ್ತೀರಲ್ಲ, ಇಬ್ಬರು ಧಣಿಗಳು ಹೊಡೆದಾಡ್ತಿದ್ದಾಗ ಈ ಕಡೆಯೋರನ್ನೂ ದಾಟಿಸಿದಳು, ಆ ಕಡೆಯೋರನ್ನೂ ದಾಟಿಸಿದಳು ಅಂತ. ಯಾರ ಮಕ್ಕಳು ಅಂತ ಕೇಳದೇ ದೋಣಿಗೆ ಎತ್ತಿ ಹಾಕ್ಕೊಂಡಳು ಅಂತ. ಅದಕ್ಕೇ ಅವಳ ಕೈ ಮುರಿದ್ರು ಅಂತ. ಅವಳು ಹೊಡೆಯೋಳಾ?"

"ಆಗ ಅವಳು ಅಂಬಿಗಿತ್ತಿ. ಈಗ ಸಂತ. ಈಗ ನ್ಯಾಯ ನೋಡೋ ಜಾಗದಲ್ಲಿ ಕೂತಿದಾಳೆ."

"ಕೂತಿಲ್ಲ, ನೀವು ಮಲಗಿಸಿದೀರಿ!"

ತೆಸೆಲಿನ್ ಸ್ವಾಮಿಗೆ ನಗು ಬಂದು ಕೆಮ್ಮಿದರು. ಫುಲ್ಕೊ ಸ್ವಾಮಿ ಕೋಪ ಮಾಡಿಕೊಳ್ಳಲಿಲ್ಲ. ಅದು ಇನ್ನೂ ಕೆಟ್ಟದ್ದು. ಮೆಲ್ಲಗೆ ಹೇಳಿದರು: "ನನಗೂ ಮಗುವಿನ ಮೇಲೆ ಕನಿಕರ ಇದೆ. ನಿನ್ನ ಧಣಿ ಹತ್ರ ಹೋಗಿ ಕಾಲು ಹಿಡಿ. ಅವನು ಹುಲ್ಲುಗಾವಲು ಬಿಟ್ಟ ಕ್ಷಣವೇ ಅಮ್ಮನ್ನ ಎತ್ತುತೀವಿ. ಮೊದಲನೇ ಬಟ್ಟಲು ನಿನ್ನ ಮಗಳಿಗೇ. ಇದು ನನ್ನ ಮಾತು."

ಧಣಿ ಲಾಯದಲ್ಲಿದ್ದರು. ಕುದುರೆಯ ಗೊರಸಿಗೆ ಲಾಳ ಹೊಡೆಸುತ್ತಿದ್ದರು. ತುಂಬು ಬಸುರಿಯಾಗಿದ್ದ ಧಣಿಯಮ್ಮ ಹೊಸ್ತಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ನಾನು ನೆಲದ ಲದ್ದಿಯನ್ನೂ ನೋಡದೆ ಕಾಲಿಗೆ ಬಿದ್ದೆ.

"ಬುದ್ಧಿ, ಮಗಳು ಸಾಯ್ತಾ ಇದೆ. ಹುಲ್ಲುಗಾವಲು ಬಿಟ್ಟುಬಿಡಿ ಬುದ್ಧಿ. ಒಂದು ಮಾತು ಹೇಳಿಬಿಡಿ ಸಾಕು, ಅವರು ಪೆಟ್ಟಿಗೆ ತೆಗೀತಾರೆ."

"ಏಳು, ಏಳು. ಊರಲ್ಲಿ ಇನ್ಯಾರಿಗೆ ಜ್ವರ?"

"ರಿಶಿಲ್ದನ ಕೂಸಿಗಿದೆ. ಆಚೆ ಬೀದಿಲೂ ಇದೆ."

"ರಿಶಿಲ್ದನ ಗಂಡ ನನ್ನ ಹುಲ್ಲು ಹೊತ್ತಿದ್ನಾ?"

"ಇಲ್ಲ ಬುದ್ಧಿ."

"ಮತ್ತೆ? ಬೇಸಿಗೆ ಕೊನೆಗೆ ಮಕ್ಕಳಿಗೆ ಜ್ವರ ಬರತ್ತೆ. ನನಗೂ ಬಂದಿತ್ತು ಚಿಕ್ಕವನಾಗಿದ್ದಾಗ. ಆ ಬೋಳುತಲೆಗಳ ಮಾತು ಕೇಳಿ ನನ್ನ ಹತ್ರ ಅಳ್ತೀಯ. ಇವತ್ತು ನಿನ್ನ ಮಗೀಗೋಸ್ಕರ ಹುಲ್ಲುಗಾವಲು ಕೊಟ್ರೆ ನಾಳೆ ನನ್ನ ಲಾಯ ಬೇಕು ಅಂತ ಆ ಪೆಟ್ಟಿಗೆ ಮತ್ತೆ ನೆಲಕ್ಕೆ ಹಾಕ್ತಾರೆ."

ಅವರ ಮಾತು ಸರಿಯಾಗಿತ್ತು. ಅದೇ ನನ್ನ ಹೊಟ್ಟೆ ಉರಿಸಿದ್ದು. ಸರಿಯಾದ ಮಾತನ್ನು ಮಗಳ ಬಾಯಿಗೆ ಹಾಕಿ ಕುಡಿಸಲಾಗುವುದಿಲ್ಲವಲ್ಲ. ನಿಮ್ಮ ಮಾತು ಸರಿ ಬುದ್ಧಿ, ಆದರೂ ಕೊಡಿ ಎಂದು ಅತ್ತೆ. ಅವರು ಅಡುಗೆಮನೆಯಿಂದ ಮಗುವಿಗೆ ಕೋಳಿಸಾರು ಕೊಡಿಸು ಎಂದು ಆಳಿಗೆ ಹೇಳಿ ಕುದುರೆಯ ಇನ್ನೊಂದು ಕಾಲು ಎತ್ತಿದರು. ಧಣಿಯಮ್ಮ ಹೊಟ್ಟೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಒಳಗೆ ಹೋದರು.

ಮನೆಗೆ ಬಂದರೆ ಗಾಸ್ಬರ್ಟ್ ಮಗಳ ಪಕ್ಕ ಮಂಡಿಯೂರಿ ಕೂತಿದ್ದ. ಎತ್ತು ತಿವಿಯುವ ಕೋಲನ್ನು ಎರಡು ತುಂಡು ಮಾಡಿ ಬಿಸಾಡಿದ್ದ.

"ನಾನು ಹೋಗಿ ಮಠದ ಬಾಗಿಲಲ್ಲಿ ಬೀಳ್ತೀನಿ. ನನ್ನ ಕೈ ಕಡೀಲಿ. ಅಮ್ಮನಿಗೆ ಬೇಕಿರೋದು ನನ್ನ ಕೈ ತಾನೇ?"

"ಅಮ್ಮನಿಗೆ ನಿನ್ನ ಕೈ ಯಾಕೋ, ಎಲುಬು ಉಪ್ಪು ಹಾಕಿ ಇಡೋಕಾ?" ಎಂದು ಬೈದೆ. ಬೈಯದಿದ್ದರೆ ನಾನೂ ಅವನ ಹಾಗೇ ಕುಸಿದುಬಿಡುತ್ತಿದ್ದೆ. ಓಸಾನ ಕಣ್ಣು ಅರ್ಧ ತೆರೆದಿದ್ದಳು, ಆದರೆ ನಮ್ಮನ್ನು ನೋಡುತ್ತಿರಲಿಲ್ಲ. ತುಟಿ ಒಡೆದಿತ್ತು. ಉಸಿರು ನಾಯಿಮರಿ ಓಡಿಬಂದ ಹಾಗೆ ಚಿಕ್ಕಚಿಕ್ಕದಾಗಿ ಬರುತ್ತಿತ್ತು.

ಅಷ್ಟರಲ್ಲಿ ಒಲೆಯ ಹತ್ತಿರ ಯಾರೋ ಕೂಗಿದರು. ಯಾತ್ರೆಗೆ ಹೊರಟ ಒಬ್ಬ ಹೆಂಗಸು, ದೊಡ್ಡ ಅಂಚಿನ ಟೋಪಿ, ಕೋಲು, ಸೊಂಟದಲ್ಲಿ ನೀರಿನ ಸೋರೆಬುರುಡೆ. ರೊಟ್ಟಿ ಸಿಗುತ್ತದಾ ಎಂದು ಕೇಳಿದಳು. ನಾನು ಅವಳನ್ನೇ ನೋಡುತ್ತಾ ನಿಂತೆ. ಪರಸ್ಥಳದವಳು.

"ಅಕ್ಕಾ, ಇರೋ ರೊಟ್ಟಿ ಎಲ್ಲ ತಗೋ. ನಿನ್ನ ಟೋಪಿ, ಕೋಲು, ಆ ಮೇಲುಹೊದಿಕೆ, ಬುರುಡೆ, ಒಂದು ಗಳಿಗೆ ಕೊಡು. ನನ್ನ ಮಗಳಾಣೆ ವಾಪಸ್ ಕೊಡ್ತೀನಿ."

ಅವಳು ಒಳಗೆ ಇಣುಕಿ ಓಸಾನಳನ್ನು ನೋಡಿದಳು. ಒಂದು ಪ್ರಶ್ನೆಯನ್ನೂ ಕೇಳದೆ ಟೋಪಿ ತೆಗೆದಳು. ಅವಳ ಹೆಸರು ನನಗೆ ಗೊತ್ತಿಲ್ಲ. ಎಲ್ಲಿದ್ದರೂ ಚೆನ್ನಾಗಿರಲಿ.

ಮಗಳನ್ನು ಹೊದಿಕೆಯೊಳಗೆ ಎದೆಗೆ ಕಟ್ಟಿಕೊಂಡು, ಟೋಪಿ ಮೂಗಿನವರೆಗೆ ಎಳೆದುಕೊಂಡು ಹೋದೆ. ಗಾಸ್ಬರ್ಟ್ ಹಿಂದೆ ಬಂದು ಬೀದಿಯಲ್ಲೇ ನಿಂತ. ಅವನನ್ನು ಹೊಸ್ತಿಲಿಗೂ ಸೇರಿಸುತ್ತಿರಲಿಲ್ಲ. ತೆಸೆಲಿನ್ ಸ್ವಾಮಿ ನನ್ನ ಟೋಪಿ ನೋಡಿದರು. ಕೋಲು ಹಿಡಿದ ಕೈ ನೋಡಿದರು. ಒಲೆಯ ಬಾಯಿ ತಾಗಿ ಸುಟ್ಟ ಕಲೆಗಳು ಮೊಣಕೈವರೆಗೂ ಇವೆ ನನಗೆ. ಇಡೀ ಸೀಮೆಯಲ್ಲಿ ಅಂಥ ಕೈ ಇನ್ನೊಂದಿಲ್ಲ.

"ಪರಸ್ಥಳದವರು," ಎಂದು ಒಳಗಿನವರಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದರು. ಆಮೇಲೆ ಮೆಲ್ಲಗೆ, "ಬೇಗ ಹೋಗು. ಮಧ್ಯಾಹ್ನದ ಪ್ರಾರ್ಥನೆಗೆ ಎಲ್ಲರೂ ಬರ್ತಾರೆ."

ಒಳಗೆ ತಣ್ಣಗಿತ್ತು. ಒಂದು ದೀಪವೂ ಇರಲಿಲ್ಲ. ಗೋಣಿಯ ಮೇಲೆ, ಮುಳ್ಳಿನ ರಾಶಿಯೊಳಗೆ ಫ್ರೊಡಿಲಮ್ಮ. ಹುಟ್ಟಿದಾಗಿನಿಂದ ಅವಳನ್ನು ಎತ್ತರದಲ್ಲಿ, ಬತ್ತಿಗಳ ಬೆಳಕಿನಲ್ಲಿ ನೋಡಿದವಳು ನಾನು. ಹತ್ತಿರ ಹೋದರೆ ಎಷ್ಟು ಚಿಕ್ಕ ಪೆಟ್ಟಿಗೆ! ಬಣ್ಣ ಉದುರಿತ್ತು. ಒಂದು ಮೂಲೆಯ ಮೊಳೆ ಎದ್ದಿತ್ತು. ನನಗೆ ಅಳು ಬಂತು, ಅದರ ಹಿಂದೆಯೇ ಕೋಪ ಬಂತು.

"ಏಳೇ," ಅಂದೆ. "ಏಳಮ್ಮ. ನಿನ್ನನ್ನ ಹೀಗೆ ಹಾಕಿದಾರೆ, ನನಗೂ ಕರುಳು ಕಿತ್ತು ಬರತ್ತೆ. ಆದರೆ ನಿನ್ನ ಹೆಸರು ಹೇಳಿ ನನ್ನ ಮಗೂನ ಸಾಯಿಸ್ತಿದಾರೆ ಕಣೇ, ಅದನ್ನ ಕೇಳಿಸ್ಕೊಂಡೂ ಮಲಗಿದೀಯಾ? ಹುಲ್ಲು ನಿನಗ್ಯಾಕೆ? ನೀನೇನು ಹಸು ಕಟ್ಟಿದ್ಯಾ? ನಿನ್ನ ಕೈ ಮುರಿದಾಗ ನೋವಾಗಿತ್ತಲ್ಲ, ನನಗೂ ಹಾಗೇ ಆಗ್ತಿದೆ. ನನಗೆ ಇರೋದು ಇವಳೊಬ್ಬಳೇ. ಇವಳ ಮೊದಲಿನವೆಲ್ಲ ಹೋದವು, ನಿನಗೇ ಗೊತ್ತು, ಅವಕ್ಕೆಲ್ಲ ಬತ್ತಿ ಹಚ್ಚಿದ್ದು ನಿನ್ನ ಮುಂದೇನೇ. ಇವಳನ್ನ ಬಿಡು. ಬಿಡು ಅಂದ್ನಲ್ಲ!"

ಪೆಟ್ಟಿಗೆಯ ಮುಚ್ಚಳಕ್ಕೆ ಉಗುರು ಹಾಕಿ ಎಳೆದೆ. ಬೀಗ ಜಗ್ಗಲಿಲ್ಲ. ಕೊನೆಗೆ ಬುರುಡೆಯ ನೀರನ್ನು ಮುಚ್ಚಳದ ಮೇಲೆ ಸುರಿದು, ಅಂಚಿನಿಂದ ಇಳಿದದ್ದನ್ನು ಬೊಗಸೆಯಲ್ಲಿ ಹಿಡಿದು ಓಸಾನಳ ಬಾಯಿಗೆ ಬಿಟ್ಟೆ. ಅದು ಮರ ತೊಳೆದ ನೀರು, ಮೂಳೆ ಮುಟ್ಟಿದ್ದಲ್ಲ, ನನಗೂ ಗೊತ್ತಿತ್ತು. ಕಟವಾಯಿಯಿಂದ ಆಚೆ ಹರಿದುಹೋಯಿತು. ಆದರೆ ತಂಪಿಗೋ ಏನೋ ಅವಳು ಕಣ್ಣು ಬಿಟ್ಟಳು. ಈ ಸಲ ನಿಜವಾಗಿ ನೋಡಿದಳು.

"ಅಮ್ಮಾ, ಅವಳಿಗೆ ಚುಚ್ಚಲ್ವಾ?"

"ಯಾರಿಗೆ ಕಂದ?"

"ಪೆಟ್ಟಿಗೆ ಒಳಗಿರೋಳಿಗೆ."

"ಚುಚ್ಚತ್ತೆ."

"ತೆಗಿ ಮತ್ತೆ."

ತೆಗೆದೆ. ಒಂದೊಂದಾಗಿ ಅಲ್ಲ, ಎರಡೂ ಕೈಯಲ್ಲಿ ಬಾಚಿ ಎಸೆದೆ. ಬೆಂಕಿಗೆ ಹೆದರದ ಕೈ, ಮುಳ್ಳಿಗೆ ಹೆದರುತ್ತದೆಯೇ? ಜಾಗವಾದ ಮೇಲೆ ಮಗಳನ್ನು ಗೋಣಿಯ ಮೇಲೆ, ಪೆಟ್ಟಿಗೆಗೆ ಒತ್ತಿಕೊಂಡ ಹಾಗೆ ಮಲಗಿಸಿದೆ. ಅವಳು ಕೆನ್ನೆಯನ್ನು ತಣ್ಣನೆಯ ಮರಕ್ಕೆ ಇಟ್ಟುಕೊಂಡಳು.

ಸನ್ಯಾಸಿಗಳು ಸಾಲಾಗಿ ಬಂದಾಗ ನಾವು ಹಾಗೇ ಇದ್ದೆವು. ಯಾರೋ ಹೋ ಎಂದು ಕೂಗಿದರು. ಫುಲ್ಕೊ ಸ್ವಾಮಿ ಮುಂದೆ ಬಂದು ಟೋಪಿ ನೋಡಿದರು, ನನ್ನ ಮುಖ ನೋಡಿದರು.

"ಇವಳನ್ನ ಹೊರಗೆ ಹಾಕಿ!"

"ಕೊಂದು ಹಾಕಿ," ಅಂದೆ. "ಇಲ್ಲಾಂದ್ರೆ ನಾನು ಏಳಲ್ಲ. ಕೀಲಿಕೈ ನಿಮ್ಮ ಸೊಂಟದಲ್ಲೇ ಇದೆ ಸ್ವಾಮಿ, ನನಗೆ ಕಾಣ್ತಿದೆ. ಪೆಟ್ಟಿಗೆ ತೆಗೀರಿ. ಒಂದು ಗುಟುಕು. ಆಮೇಲೆ ನಮ್ಮನ್ನ ನಾಯಿಗೆ ಹಾಕಿ."

ಅವರು ಮಗುವಿನ ಉಸಿರು ಕೇಳಿಸಿಕೊಂಡರು. ಏನೋ ಯೋಚಿಸಿದರು. ಯೋಚಿಸುವುದು ನನಗೆ ಕಂಡಿತು. ಆಮೇಲೆ ಒಬ್ಬ ಸನ್ಯಾಸಿಯನ್ನು ಕರೆದು ಹೇಳಿದರು: "ಅರ್ಶಾಂಬೋ ಮನೆಗೆ ಓಡು. ಹುಲ್ಲು ಹೊತ್ತವನ ಮಗು ಅಮ್ಮನ ಪಕ್ಕದಲ್ಲೇ, ಮುಳ್ಳಿನ ಮಧ್ಯೆ ಕೊನೇ ಉಸಿರು ಎಳೀತಿದೆ ಅಂತ ಹೇಳು. ಅವನಿಗಲ್ಲ, ಅವನ ಹೆಂಡತಿಗೆ ಕೇಳೋ ಹಾಗೆ ಹೇಳು."

ಮುಳ್ಳನ್ನು ಮತ್ತೆ ಪೆಟ್ಟಿಗೆಯ ಮೇಲೆ ಹಾಕಿಸಿದರು. ಮಗುವಿನ ಮೇಲೆ ಹಾಕಿಸಲಿಲ್ಲ.

"ಸ್ವಾಮಿ, ಅವರು ಬರೋವರೆಗೆ ಇದು ಇರಲ್ಲ," ಅಂದೆ. ಅವರ ಪಾದ ಹಿಡಿದಿದ್ದೆ. ನನ್ನ ಕೈಯ ರಕ್ತ ಅವರ ಚಪ್ಪಲಿಗೆ ಹತ್ತಿತ್ತು.

"ಇನ್ನೊಂದು ಗಳಿಗೆ ತಾಯಿ. ಅವನು ಬರ್ತಾನೆ. ಅವಸರ ಮಾಡಿದ್ರೆ ಎಲ್ಲ ಹಾಳಾಗತ್ತೆ."

ಅವರು ಕೆಟ್ಟ ಮನುಷ್ಯನಲ್ಲ ಎಂದು ಊರಿನವರು ಈಗಲೂ ಹೇಳುತ್ತಾರೆ. ನನ್ನ ಪಕ್ಕದಲ್ಲೇ ಮಂಡಿಯೂರಿ ಪ್ರಾರ್ಥನೆ ಮಾಡಿದರು, ಕಣ್ಣಲ್ಲಿ ನೀರೂ ಇತ್ತು. ಆ ಕಣ್ಣೀರನ್ನು ನಾನು ಏನು ಮಾಡಲಿ? ಸೊಂಟದ ಕೀಲಿಕೈಗೆ ಅವರ ಕೈ ಹೋಗಲಿಲ್ಲ.

ಓಸಾನ ಮತ್ತೆ ಮಾತಾಡಲಿಲ್ಲ. ನಾನು ಅವಳ ಕಿವಿಯಲ್ಲಿ ಹಿಟ್ಟಿನ ಉಂಡೆಗಳಿಗೆ ಅವಳು ಇಟ್ಟ ಹೆಸರುಗಳನ್ನೆಲ್ಲ ಹೇಳುತ್ತಾ ಹೋದೆ. ನೆನಪಾಗದಿದ್ದಕ್ಕೆ ಹೊಸ ಹೆಸರು ಕಟ್ಟಿದೆ. ಬೇರೆ ಹೊತ್ತಾಗಿದ್ದರೆ ಹಾಗಲ್ಲಮ್ಮ, ಇದು ಅದಲ್ಲ ಎಂದು ತಿದ್ದುತ್ತಿದ್ದಳು.

ಧಣಿ ಬಂದರು. ನಿಜವಾಗಿ ಬಂದರು, ಬರಿಗಾಲಲ್ಲಿ. ಸುದ್ದಿ ಕೇಳಿ ಧಣಿಯಮ್ಮನಿಗೆ ನೋವು ಶುರುವಾಯಿತಂತೆ, ನನ್ನ ಹೊಟ್ಟೇಲಿರೋದನ್ನೂ ಕೊಲ್ಲಿಸ್ತೀಯಾ ಎಂದು ಚೀರಿದರಂತೆ. ದೊಡ್ಡ ಬಾಗಿಲಿನ ಮುಳ್ಳು ಎಳೆದು ಹಾಕಿದರು. ಬಿಸಿಲು ಒಳಗೆ ನುಗ್ಗಿತು, ಅದರ ಹಿಂದೆ ಇಡೀ ಊರು ನುಗ್ಗಿತು. ಧಣಿ ಪೆಟ್ಟಿಗೆಯ ಮುಂದೆ ಮಂಡಿಯೂರಿ, ಹುಲ್ಲುಗಾವಲು ಅಮ್ಮನದು, ನಾನೂ ನನ್ನ ಮಕ್ಕಳೂ ಇನ್ನು ಅದರ ತಂಟೆಗೆ ಬರುವುದಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಪ್ರಮಾಣ ಮಾಡಿದರು. ಪಕ್ಕದಲ್ಲಿ ಮಲಗಿದ್ದ ನನ್ನ ಮಗಳನ್ನು ಅವರು ನೋಡಲಿಲ್ಲ, ನೋಡಲು ಆಗಲಿಲ್ಲವೇನೋ.

ಆಗ ಗಂಟೆಗಳು ಶುರುವಾದವು. ಎಲ್ಲ ಗಂಟೆಗಳೂ ಒಟ್ಟಿಗೆ. ಅಷ್ಟು ದಿನ ಸತ್ತಂತಿದ್ದ ಊರಿಗೆ ಆ ಸದ್ದು ಬಿದ್ದಾಗ ಗಂಡಸರೆಲ್ಲ ಅತ್ತರು. ಗಂಟೆ ಎಂದರೆ ಓಸಾನಳಿಗೆ ಹುಚ್ಚು. ಎಂಥ ನಿದ್ದೆಯಲ್ಲಿದ್ದರೂ ಎದ್ದು ಕೂತು ಢಣ್ ಢಣ್ ಅನ್ನುವಳು. ನಾನು ಅವಳ ಮುಖ ನೋಡುತ್ತಾ ಕಾದೆ. ಅವಳು ಏಳಲಿಲ್ಲ. ಮೂಗಿನ ಹತ್ತಿರ ಕೆನ್ನೆ ಇಟ್ಟೆ. ಗೋಪುರದಲ್ಲಿ ಅಷ್ಟು ಸದ್ದು, ಇಲ್ಲಿ ಉಸಿರೂ ಇರಲಿಲ್ಲ.

ಫ್ರೊಡಿಲಮ್ಮನನ್ನು ಎತ್ತಲು ಸನ್ಯಾಸಿಗಳು ಒಬ್ಬರ ಮೇಲೊಬ್ಬರು ಬಿದ್ದರು. ಹಾಡುತ್ತಾ ಪೀಠದ ಮೇಲಿಟ್ಟರು, ಬತ್ತಿ ಹಚ್ಚಿದರು. ನಾನು ನನ್ನ ಮಗಳನ್ನು ಎತ್ತಿಕೊಂಡೆ. ಜ್ವರದ ಬಿಸಿ ಮೈಯಲ್ಲಿ ಇನ್ನೂ ಇತ್ತು, ಅದಕ್ಕೇ ಯಾರಿಗೂ ತಿಳಿಯಲಿಲ್ಲ. ತಲೆಯನ್ನು ಭುಜಕ್ಕೆ ಒರಗಿಸಿಕೊಂಡೆ, ನಿದ್ದೆ ಹೋದ ಮಗುವನ್ನು ಎತ್ತಿಕೊಳ್ಳುತ್ತಾರಲ್ಲ ಹಾಗೆ. ಗಾಸ್ಬರ್ಟ್ ಜನರನ್ನು ತಳ್ಳಿಕೊಂಡು ಬರುತ್ತಿದ್ದ, ದೂರದಿಂದ ನಗುತ್ತಿದ್ದ. ಮಗಳು ಉಳಿದಳು ಎಂದುಕೊಂಡಿದ್ದ.

ಫುಲ್ಕೊ ಸ್ವಾಮಿ ಪೆಟ್ಟಿಗೆ ತೆಗೆದು ಮೂಳೆಯನ್ನು ಬೋಗುಣಿಯಲ್ಲಿ ಅದ್ದಿದರು. ಕೊಟ್ಟ ಮಾತು ತಪ್ಪಲಿಲ್ಲ. ಮೊದಲ ಬಟ್ಟಲನ್ನು ತೆಸೆಲಿನ್ ಸ್ವಾಮಿ ಎರಡೂ ಕೈಯಲ್ಲಿ ಹಿಡಿದು, ಒಂದು ಹನಿ ಚೆಲ್ಲದ ಹಾಗೆ ನನ್ನ ಹತ್ತಿರ ತಂದರು. ಅವರ ಮುಖ ಬೆಳಗುತ್ತಿತ್ತು.

"ತಗೋ ಎರ್ಸೆಂದ, ಮೊದಲು ನಿನಗೇ. ಕುಡಿಸು ತಾಯಿ, ಕುಡಿಸು."

ತಗೊಂಡೆ. ಅದನ್ನು ಫುಲ್ಕೊ ಸ್ವಾಮಿಯ ಮುಖಕ್ಕೆ ಎರಚಬೇಕು ಅನ್ನಿಸಿತು. ಪೀಠಕ್ಕೆ ಎರಚಬೇಕು, ಧಣಿಯ ಬರಿಗಾಲಿಗೆ ಎರಚಬೇಕು ಅನ್ನಿಸಿತು. ಹಿಂದಿನಿಂದ ಯಾರೋ ನನ್ನನ್ನು ನೂಕಿದರು. ತಿರುಗಿದೆ. ರಿಶಿಲ್ದ. ತಲೆಗೂದಲು ಕೆದರಿತ್ತು, ಕೂಸನ್ನು ಎದೆಗೆ ಅವುಚಿಕೊಂಡಿದ್ದಳು. ಅದರ ಉಸಿರು ಚಿಕ್ಕಚಿಕ್ಕದಾಗಿ ಬರುತ್ತಿತ್ತು. ಆ ಉಸಿರು ನನಗೆ ಗೊತ್ತಿತ್ತು.

"ತಗೋ," ಎಂದು ಬಟ್ಟಲು ಚಾಚಿದೆ.

ಅವಳು ಬಟ್ಟಲು ನೋಡಿದಳು. ಆಮೇಲೆ ನನ್ನ ಭುಜದ ಮೇಲಿದ್ದ ಓಸಾನಳ ಮುಖ ನೋಡಿದಳು. ನೋಡುತ್ತಾ ಅವಳ ಬಾಯಿ ತೆರೆದೇ ಉಳಿಯಿತು.

"ಅಯ್ಯೋ ಎರ್ಸೆಂದ... ನಿನ್ನ ಮಗು... ಅಯ್ಯೋ ದೇವರೇ..."

"ಬಾಯಿ ಮುಚ್ಚು. ಕುಡಿಸು."

"ನನ್ನ ಕೈಲಾಗಲ್ಲ ಕಣೇ. ನಿನ್ನ ಪಾಲಿಂದು..."

"ಕುಡಿಸೇ ಹಾಳಾದೋಳೇ! ಇನ್ನೂ ನುಂಗ್ತಿದೆಯಲ್ಲ ಅದು, ಬೇಗ ಕುಡಿಸು!"

ಬಟ್ಟಲನ್ನು ಅವಳ ಕೈಗೆ ತುರುಕಿದೆ. ಓಸಾನಳನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಆ ಕೂಸಿನ ಗದ್ದ ಎತ್ತಿ ಹಿಡಿದು ನಾನೇ ಅದರ ಬಾಯಿ ಬಿಡಿಸಿದೆ.